ಲಾಗ್‌ಬುಕ್ಕಿನಲ್ಲಿದ್ದ ನನ್ನ ಸಹಿ: ಮಂಗಳೂರಿನ ಒಂದು ನರ್ಸ್ ಪ್ರಾಕ್ಟೀಷನರ್ ಕೋರ್ಸಿನ ಪ್ರಕರಣ

ಇದು ಮಂಗಳೂರಿನ ಒಂದು ನರ್ಸಿಂಗ್ ಕಾಲೇಜು ಮತ್ತು ಅದಕ್ಕೆ ಸೇರಿದ ಆಸ್ಪತ್ರೆಯಲ್ಲಿ ನಡೆದದ್ದು. ಕಾಲೇಜಿನ ಹೆಸರು ಹೇಳುವುದಿಲ್ಲ. ರೋಗಿ, ವಿದ್ಯಾರ್ಥಿನಿ, ಸಿಸ್ಟರ್‌ಗಳು ಯಾರೆಂದು ಗೊತ್ತಾಗದ ಹಾಗೆ ವಯಸ್ಸು, ಊರು, ಕೆಲವು ಸಮಯಗಳನ್ನು ಬದಲಾಯಿಸಿದ್ದೇನೆ. ನಾನು ಆಗ ಆ ಕೋರ್ಸಿನ ಕೋಆರ್ಡಿನೇಟರ್. ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನು ಬಿಟ್ಟು ಬರೆದರೆ ಬೇರೆ ಕಾಲೇಜಿನವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಹಿನ್ನೆಲೆ

ಮಂಗಳೂರಿನವರಿಗೆ ನರ್ಸಿಂಗ್ ಕಾಲೇಜು ಹೊಸದಲ್ಲ. ಕಂಕನಾಡಿಯಿಂದ ದೇರಳಕಟ್ಟೆಯವರೆಗೆ ಬಸ್ಸಿನಲ್ಲಿ ಹೋದರೆ ಎಷ್ಟು ಬೋರ್ಡು ಕಾಣುತ್ತವೆ ಅಂತ ಎಲ್ಲರಿಗೂ ಗೊತ್ತು. ಕೇರಳದಿಂದ ಬರುವ ಮಕ್ಕಳೂ ಜಾಸ್ತಿ. ಆದರೆ ನರ್ಸ್ ಪ್ರಾಕ್ಟೀಷನರ್ ಅನ್ನುವ ಮಾತು ಇಲ್ಲಿಗೂ ಹೊಸದೇ. ಭಾರತೀಯ ನರ್ಸಿಂಗ್ ಕೌನ್ಸಿಲ್ ತಂದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸು ಎರಡು ವರ್ಷದ್ದು, ಸ್ನಾತಕೋತ್ತರ ಮಟ್ಟದ್ದು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕನಿಷ್ಠ ಒಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವರು ಸೇರಬಹುದು. ಇದು ರೆಸಿಡೆನ್ಸಿ ಕೋರ್ಸು. ಅಂದರೆ ಓದು ಶೇ. 20, ರೋಗಿಯ ಹತ್ತಿರ ಕೆಲಸ ಶೇ. 80.

ಕಾಗದದ ಮೇಲೆ ಇದು ತುಂಬ ಒಳ್ಳೆಯ ಲೆಕ್ಕ. ಐಸಿಯುವಿನಲ್ಲಿ ರೋಗಿಯನ್ನು ಪೂರ್ತಿ ಪರೀಕ್ಷೆ ಮಾಡಿ, ಏನಾಗುತ್ತಿದೆ ಅಂತ ಯೋಚಿಸಿ, ವೈದ್ಯರು ಒಪ್ಪಿದ ಪ್ರೋಟೋಕಾಲ್ ಒಳಗೆ ಮುಂದಿನ ಹೆಜ್ಜೆ ಇಡಬಲ್ಲ ನರ್ಸ್ ತಯಾರಾಗಬೇಕು ಅನ್ನುವುದು ಉದ್ದೇಶ. ಆದರೆ ಆ ಶೇ. 80ರಲ್ಲಿ ಯಾರು ಕಲಿಸುತ್ತಾರೆ? ನಮ್ಮಲ್ಲಿ ಕಲಿಸುವವರು ಕಾಲೇಜಿನಲ್ಲಿ, ಕೆಲಸ ಗೊತ್ತಿರುವವರು ಆಸ್ಪತ್ರೆಯಲ್ಲಿ. ನಡುವೆ ಒಂದು ರಸ್ತೆ. ನಾವು ಎಂ.ಎಸ್ಸಿ. ಮುಗಿಸಿದ ಟೀಚರ್‌ಗಳು ವಾರಕ್ಕೆ ಎರಡು ಸಲ ಆ ರಸ್ತೆ ದಾಟುತ್ತಿದ್ದೆವು, ಲಾಗ್‌ಬುಕ್ಕಿಗೆ, ಅಂದರೆ ವಿದ್ಯಾರ್ಥಿ ಮಾಡಿ ಕಲಿತ ಕೆಲಸಗಳನ್ನು ಬರೆದಿಡುವ ಪುಸ್ತಕಕ್ಕೆ, ಸಹಿ ಹಾಕಲು.

ಮೊದಲ ಬ್ಯಾಚ್ ಒಳ್ಳೆಯ ಅಂಕ ತೆಗೆದು ಪಾಸಾಯಿತು. ಲಾಗ್‌ಬುಕ್ಕುಗಳು ತುಂಬಿ ತುಳುಕುತ್ತಿದ್ದವು. ನಾವು ಖುಷಿಯಾಗಿದ್ದೆವು.

ಆ ರಾತ್ರಿ

ಜುಲೈ ತಿಂಗಳು. ಘಟ್ಟದ ಬುಡದ ಊರಿನಿಂದ ಒಬ್ಬರು ಬಂದಿದ್ದರು, ನಲವತ್ತು ದಾಟಿದವರು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ದಿನವಿಡೀ ಒದ್ದೆ ತೋಟದಲ್ಲಿ, ಬರಿಗಾಲಿನಲ್ಲಿ. ನಾಲ್ಕು ದಿನ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಇಷ್ಟು ಕಂಡರೆ ಇಲಿ ಜ್ವರ ಅಂತ ಮೊದಲೇ ಅನುಮಾನ ಬರುತ್ತದೆ. ಬಂದಿತ್ತು ಕೂಡ. ಆ್ಯಂಟಿಬಯಾಟಿಕ್ ಶುರುವಾಗಿತ್ತು. ಮೂತ್ರ ಕಡಿಮೆಯಾಗುತ್ತಿದೆ ಅಂತ ವಾರ್ಡಿನಿಂದ ಎಚ್‌ಡಿಯುಗೆ, ಅಂದರೆ ವಾರ್ಡಿಗೂ ಐಸಿಯುವಿಗೂ ನಡುವಿನ ಮಟ್ಟದ ನಿಗಾ ಘಟಕಕ್ಕೆ, ತಂದಿದ್ದರು.

ರಾತ್ರಿ ಡ್ಯೂಟಿಯಲ್ಲಿ ನಮ್ಮ ಮೊದಲ ವರ್ಷದ ರೆಸಿಡೆಂಟ್ ಇದ್ದಳು. ಅವಳ ಪಾಲಿಗೆ ನಾಲ್ಕು ಹಾಸಿಗೆ. ಕಲಿಯಲು ಬಂದವಳನ್ನು ಡ್ಯೂಟಿ ಲಿಸ್ಟಿನಲ್ಲಿ ಸ್ಟಾಫ್ ಅಂತ ಎಣಿಸಿದ್ದರು. ಅದು ಎಲ್ಲ ರಾತ್ರಿಯೂ ಹಾಗೆಯೇ ನಡೆಯುತ್ತಿತ್ತು.

ಬೆಳಿಗ್ಗೆ ನಾವು ಆ ಚಾರ್ಟ್ ನೋಡಿದೆವು. ಹನ್ನೊಂದಕ್ಕೆ ಉಸಿರಾಟ ನಿಮಿಷಕ್ಕೆ 20. ಹನ್ನೆರಡಕ್ಕೆ 20. ಒಂದಕ್ಕೆ 20. ಎರಡಕ್ಕೆ 20. ಮೂತ್ರ ಗಂಟೆಗೆ 25 ಮಿ.ಲೀ., ಆಮೇಲೆ 15, ಆಮೇಲೆ 10. ಸುಮಾರು 60 ಕೆಜಿ ತೂಕದ ಮನುಷ್ಯನಿಗೆ ಕನಿಷ್ಠ 30 ಆದರೂ ಬರಬೇಕು. ರಕ್ತದ ಆಕ್ಸಿಜನ್ ಶೇ. 96, 94, 93. ಪಕ್ಕದಲ್ಲಿ ಅವಳದೇ ಅಕ್ಷರ: 'ರೋಗಿ ಎದ್ದು ಕೂತಿದ್ದಾರೆ, ಮಲಗಲು ಒಪ್ಪುತ್ತಿಲ್ಲ.' ಎಲ್ಲವೂ ಬರೆದಿದೆ. ಯಾವುದೂ ಒಂದಕ್ಕೊಂದು ಸೇರಿಲ್ಲ. ನಾಲ್ಕೂವರೆಗೆ ಆಕ್ಸಿಜನ್ 84ಕ್ಕೆ ಇಳಿದಾಗ ಡ್ಯೂಟಿ ಡಾಕ್ಟರಿಗೆ ಫೋನ್ ಹೋಯಿತು. ಉಸಿರಾಟಕ್ಕೆ ಗಂಟಲಿನಲ್ಲಿ ಟ್ಯೂಬ್ ಹಾಕುವಾಗ ಅದರಲ್ಲಿ ರಕ್ತ ಬಂತು. ಶ್ವಾಸಕೋಶದಲ್ಲಿ ರಕ್ತಸ್ರಾವ ಆಗಿತ್ತು.

ಅವರು ಬದುಕಿದರು. ವೆಂಟಿಲೇಟರ್, ಡಯಾಲಿಸಿಸ್ ಎಲ್ಲ ಆಗಿ, ಆಟಿ (ಆಗಸ್ಟ್ ನಡುವಿಗೆ ಮುಗಿಯುವ ತುಳು ತಿಂಗಳು) ಮುಗಿಯುವ ಹೊತ್ತಿಗೆ ನಡೆದುಕೊಂಡೇ ಮನೆಗೆ ಹೋದರು. ಇದನ್ನು ಮೊದಲೇ ಹೇಳುತ್ತೇನೆ, ಇಲ್ಲದಿದ್ದರೆ ಓದುವವರ ಮನಸ್ಸು ಅಲ್ಲೇ ನಿಲ್ಲುತ್ತದೆ.

ಎರಡು ದಿನ ಬಿಟ್ಟು ಮೀಟಿಂಗ್. ಐಸಿಯು ಮುಖ್ಯಸ್ಥರು ಬೈಯಲಿಲ್ಲ. ಆ ಹುಡುಗಿಯನ್ನು ಎದುರಿಗೆ ಕೂರಿಸಿ ಒಂದೇ ಪ್ರಶ್ನೆ ಕೇಳಿದರು: "ನಿನಗೆ ಎಷ್ಟು ಗಂಟೆಗೆ ಹೆದರಿಕೆ ಆಯಿತು?"

"ಒಂದೂವರೆಗೆ, ಸರ್."

"ಮತ್ತೆ ಫೋನ್ ಯಾಕೆ ಮಾಡಲಿಲ್ಲ?"

ಅವಳು ತುಂಬ ಹೊತ್ತು ಸುಮ್ಮನಿದ್ದಳು. "ಫೋನ್ ಮಾಡಿ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ನಂಬರ್ ಎಲ್ಲ ಸುಮಾರಾಗಿ ಸರಿ ಇತ್ತು."

ಅವಳ ಲಾಗ್‌ಬುಕ್ ನನ್ನ ಕೈಯಲ್ಲಿತ್ತು. 'ಸೆಪ್ಸಿಸ್ ರೋಗಿಯ ಪೂರ್ಣ ಪರೀಕ್ಷೆ, ಹತ್ತು ಬಾರಿ, ಸ್ವತಂತ್ರವಾಗಿ ಮಾಡಬಲ್ಲಳು.' ಸೆಪ್ಸಿಸ್ ಅಂದರೆ ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ. ಕೆಳಗೆ ನನ್ನ ಸಹಿ. ಆ ಹತ್ತರಲ್ಲಿ ಒಂದನ್ನೂ ನಾನು ಕಣ್ಣಾರೆ ನೋಡಿರಲಿಲ್ಲ.

ಮೊದಲು ಮಾಡಿದ್ದು

ನಮಗೆ ಗೊತ್ತಿದ್ದನ್ನೇ ನಾವು ಮಾಡಿದೆವು, ಪಾಠ ಜಾಸ್ತಿ ಮಾಡಿದೆವು. ಸೆಪ್ಸಿಸ್ ಮೇಲೆ ನಾಲ್ಕು ಕ್ಲಾಸು, ವಾರಕ್ಕೊಂದು ಟೆಸ್ಟು, ಹಾಜರಿ ಕಡ್ಡಾಯ. ನೈಟ್ ಮುಗಿಸಿದ ಮಕ್ಕಳು ಮಧ್ಯಾಹ್ನ ಎರಡಕ್ಕೆ ಬಂದು ಕಣ್ಣು ಉಜ್ಜಿಕೊಂಡು ಕೂರುತ್ತಿದ್ದರು. ಅಂಕ ಏರಿತು. ಮೂರು ತಿಂಗಳ ನಂತರ ನಾನೇ ಒಂದು ರಾತ್ರಿ ಹೇಳದೆ ಎಚ್‌ಡಿಯುಗೆ ಹೋದೆ. ಚಾರ್ಟಿನಲ್ಲಿ ಉಸಿರಾಟ 20, 20, 20. ಟೆಸ್ಟಿನಲ್ಲಿ ಎಲ್ಲರೂ 'ಉಸಿರಾಟ 22 ಮುಟ್ಟಿದರೆ ಎಚ್ಚರ' ಅಂತ ಸರಿಯಾಗಿಯೇ ಬರೆದಿದ್ದರು. ಆದರೆ ಎಣಿಸಿದವರು ಯಾರೂ ಇರಲಿಲ್ಲ.

ಮೂರು ತಿಂಗಳು ದಂಡ ಅಂತ ನಾನು ಹೇಳುವುದಿಲ್ಲ. ಆದರೆ ಆ ಮೂರು ತಿಂಗಳು ಮಕ್ಕಳ ನಿದ್ದೆಯಿಂದ ಕಿತ್ತುಕೊಂಡದ್ದು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಆಮೇಲೆ ಓಸ್ಕಿ ಪರೀಕ್ಷೆ ತಂದೆವು. ಸ್ಕಾಟ್‌ಲೆಂಡಿನ ಡಂಡಿಯಲ್ಲಿ 1970ರ ದಶಕದಲ್ಲಿ ರೊನಾಲ್ಡ್ ಹಾರ್ಡನ್ ಶುರುಮಾಡಿದ ಪದ್ಧತಿ ಇದು. ಬೇರೆ ಬೇರೆ ಸ್ಟೇಷನ್ ಇಟ್ಟು, ಒಂದೊಂದರಲ್ಲಿ ಒಂದೊಂದು ಕೆಲಸ ಮಾಡಿಸಿ ನೋಡುವುದು. ನಮ್ಮಲ್ಲಿ ಅದು ಒಂದು ಪೆಟ್ಟು ಕೊಟ್ಟಿತು. ಪೆಟ್ಟು ಬಿದ್ದದ್ದು ಮಕ್ಕಳಿಗಿಂತ ನಮಗೇ. ಏದುಸಿರು ಬಿಡುವ ರೋಗಿಯನ್ನು ಒಬ್ಬ ರೆಸಿಡೆಂಟ್ ಪರೀಕ್ಷೆ ಮಾಡುವುದನ್ನು ವಿಡಿಯೋ ಮಾಡಿ, ಆರು ಜನ ಟೀಚರ್‌ಗಳು ಬೇರೆ ಬೇರೆ ಕೂತು ಅಂಕ ಹಾಕಿದೆವು. ಹತ್ತಕ್ಕೆ ನಾಲ್ಕರಿಂದ ಒಂಬತ್ತರವರೆಗೆ ಬಂತು. ನಾಲ್ಕು ಕೊಟ್ಟವರು ನಾನು. ಒಂಬತ್ತು ಕೊಟ್ಟವರು, "ಎಲ್ಲ ಸ್ಟೆಪ್ ಕ್ರಮವಾಗಿ ಮಾಡಿದ್ದಾಳಲ್ವಾ?" ಅಂದರು. ಮಾಡಿದ್ದಳು, ನಿಜ. ಆದರೆ ಮುಗಿಸಿ, "ಈ ರೋಗಿಗೆ ಈಗ ಏನಾಗುತ್ತಿದೆ?" ಅಂತ ಕೇಳಿದರೆ ಉತ್ತರ ಇರಲಿಲ್ಲ.

ಚೆನ್ನಾಗಿ ಮಾಡುವುದು ಅಂದರೆ ಏನು ಅಂತ ನಮ್ಮ ಆರು ಜನರಲ್ಲೇ ಒಪ್ಪಿಗೆ ಇರಲಿಲ್ಲ. ಮತ್ತೆ ಮಕ್ಕಳಿಂದ ಯಾವ ಮಟ್ಟ ಕೇಳುವುದು?

ಎರಡು ಶನಿವಾರ ಕೂತೆವು. ಅಂಕ ಬಿಟ್ಟುಬಿಟ್ಟೆವು. ಡಚ್ ವೈದ್ಯಕೀಯ ಶಿಕ್ಷಣ ತಜ್ಞ ಓಲೆ ಟೆನ್ ಕಾಟೆ 2005ರಲ್ಲಿ ಒಂದು ಯೋಚನೆ ಮುಂದಿಟ್ಟಿದ್ದರು. ವಿದ್ಯಾರ್ಥಿಗೆ ಎಷ್ಟು ಅಂಕ ಅಂತ ಕೇಳುವ ಬದಲು, ಈ ಕೆಲಸವನ್ನು ಇವಳ ಕೈಗೆ ಎಷ್ಟು ನಂಬಿ ಬಿಡಬಹುದು ಅಂತ ಕೇಳಬೇಕು ಅನ್ನುವುದು. ಅದನ್ನು ನಮ್ಮ ಮಾತಿಗೆ ಇಳಿಸಿಕೊಂಡೆವು: ನೋಡುತ್ತಾಳೆ, ನಾನು ಪಕ್ಕದಲ್ಲಿದ್ದರೆ ಮಾಡುತ್ತಾಳೆ, ನಾನು ಅದೇ ವಾರ್ಡಿನಲ್ಲಿದ್ದರೆ ಸಾಕು, ಮಾಡಿ ಆಮೇಲೆ ಹೇಳಿದರೆ ಸಾಕು. ನಾಲ್ಕೇ ಮೆಟ್ಟಿಲು. ಸೆಪ್ಸಿಸ್ ರೋಗಿ, ವೆಂಟಿಲೇಟರ್ ರೋಗಿ, ರಾತ್ರಿ ಡಾಕ್ಟರಿಗೆ ಫೋನ್, ಮನೆಯವರ ಜೊತೆ ಮಾತು, ಹೀಗೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಮೆಟ್ಟಿಲು.

ಡ್ಯೂಟಿ ಲಿಸ್ಟ್

ಇಲ್ಲಿಯವರೆಗಿನದು ಕಾಲೇಜಿನ ಒಳಗಿನ ಕೆಲಸ. 'ನಾನು ಪಕ್ಕದಲ್ಲಿದ್ದರೆ' ಅಂತ ಬರೆದುಬಿಟ್ಟೆವು. ಪಕ್ಕದಲ್ಲಿ ಇರುವುದು ಯಾರು?

ನಾವು ಕೇಳಿದ್ದು ಎರಡು. ಒಂದು, ರೆಸಿಡೆಂಟ್‌ಗಳನ್ನು ಡ್ಯೂಟಿ ಲೆಕ್ಕದಿಂದ ತೆಗೆಯಬೇಕು. ಇನ್ನೊಂದು, ಅನುಭವ ಇರುವ ಐಸಿಯು ಸಿಸ್ಟರ್‌ಗಳನ್ನು ಪ್ರೆಸೆಪ್ಟರ್, ಅಂದರೆ ರೋಗಿಯ ಪಕ್ಕದಲ್ಲೇ ನಿಂತು ಕಲಿಸುವವರು, ಅಂತ ಮಾಡಿ, ಒಬ್ಬರಿಗೆ ಇಬ್ಬರು ರೆಸಿಡೆಂಟ್ ಕೊಟ್ಟು, ಕಲಿಸುವ ದಿನ ಅವರ ರೋಗಿಗಳ ಸಂಖ್ಯೆ ಕಡಿಮೆ ಮಾಡಬೇಕು. ನರ್ಸಿಂಗ್ ಸೂಪರಿಂಟೆಂಡೆಂಟ್ ಡ್ಯೂಟಿ ಲಿಸ್ಟನ್ನು ನಮ್ಮ ಮುಂದೆ ಇಟ್ಟು, "ಎಲ್ಲಿಂದ ತರಲಿ, ನೀವೇ ಹೇಳಿ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಲಿಸ್ಟಿನಲ್ಲಿ ನಿಜವಾಗಿ ಜನ ಇರಲಿಲ್ಲ. ತರಬೇತಾದ ಸಿಸ್ಟರ್‌ಗಳು ಗಲ್ಫ್‌ಗೆ, ಐರ್ಲೆಂಡ್‌ಗೆ ಹೋಗುತ್ತಲೇ ಇರುತ್ತಾರೆ. ಆ ಖಾಲಿ ಜಾಗವನ್ನು ನಮ್ಮ ವಿದ್ಯಾರ್ಥಿಗಳು ತುಂಬುತ್ತಿದ್ದರು.

ಮೂರು ಮೀಟಿಂಗ್ ಆದರೂ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಐಸಿಯು ಮುಖ್ಯಸ್ಥರು ಆ ಜುಲೈ ರಾತ್ರಿಯ ಚಾರ್ಟಿನ ಪ್ರತಿ ತಂದರು. ಆಡಳಿತದವರ ಕೈಗೆ ಕೊಟ್ಟು, "ಈ 20 ಅನ್ನುವುದನ್ನು ಯಾರೂ ಎಣಿಸಿಲ್ಲ. ಎಣಿಸಲು ಅವಳಿಗೆ ಪುರುಸೊತ್ತೂ ಇರಲಿಲ್ಲ, ಹೇಳಿಕೊಟ್ಟವರೂ ಇರಲಿಲ್ಲ" ಅಂದರು. ವೈದ್ಯರೊಬ್ಬರು ನರ್ಸಿಂಗ್ ಶಿಕ್ಷಣಕ್ಕಾಗಿ ಹೀಗೆ ನಿಂತದ್ದನ್ನು ನನ್ನ ಸರ್ವಿಸಿನಲ್ಲಿ ನಾನು ಜಾಸ್ತಿ ನೋಡಿಲ್ಲ. ಇದನ್ನು ಬರೆದಿಡಬೇಕು ಅನಿಸುತ್ತದೆ.

ಕೊನೆಗೆ ಆದ ಒಪ್ಪಂದ ಇದು. ಮೊದಲ ವರ್ಷದವರು ಲೆಕ್ಕದಲ್ಲಿ ಇಲ್ಲವೇ ಇಲ್ಲ. ಎರಡನೇ ವರ್ಷದವರು ಅರ್ಧ ಶಿಫ್ಟ್‌ಗಳಲ್ಲಿ ಮಾತ್ರ. ಅದಕ್ಕೆ ಪ್ರತಿಯಾಗಿ ಮುಂದಿನ ವರ್ಷ ಸೀಟುಗಳನ್ನು ಪೂರ್ತಿ ತುಂಬಲಿಲ್ಲ, ಬೇಕೆಂದೇ. ಪ್ರೆಸೆಪ್ಟರ್ ಸಿಕ್ಕಷ್ಟು ಜನರನ್ನು ಮಾತ್ರ ತೆಗೆದುಕೊಂಡೆವು. ಫೀಸು ಬಿಟ್ಟುಕೊಡುವ ನಿರ್ಧಾರ ಅದು. ಪ್ರಿನ್ಸಿಪಾಲ್ ಅದಕ್ಕೆ ಒಪ್ಪದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಹೊಟ್ಟೆಯ ಮೇಲೆ ಕೈ

ನಮಗೆ ಸಿಕ್ಕ ಪ್ರೆಸೆಪ್ಟರ್‌ಗಳಲ್ಲಿ ಒಬ್ಬರು ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಓದಿದ ಹಿರಿಯ ಸಿಸ್ಟರ್. ಐಸಿಯುವಿನಲ್ಲಿ ಹದಿನೆಂಟು ವರ್ಷ. ಎಂ.ಎಸ್ಸಿ. ಇಲ್ಲ, ಹಾಗಾಗಿ ನಿಯಮದ ಪ್ರಕಾರ ಪರೀಕ್ಷಕರಾಗಲು ಬರುವುದಿಲ್ಲ. ಆದರೆ ಬಾಗಿಲಲ್ಲಿ ನಿಂತು ಒಂದು ಸುತ್ತು ಕಣ್ಣು ಹಾಯಿಸಿದರೆ ಯಾವ ಹಾಸಿಗೆಗೆ ಮೊದಲು ಹೋಗಬೇಕು ಅಂತ ಅವರಿಗೆ ಗೊತ್ತಾಗುತ್ತಿತ್ತು.

ಅವರು ಕಲಿಸಿದ ಮೊದಲ ಪಾಠವನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ರೆಸಿಡೆಂಟ್ ರೋಗಿಯ ಮುಖ ನೋಡುತ್ತಾ ಉಸಿರು ಎಣಿಸಲು ಹೊರಟಳು. ಸಿಸ್ಟರ್ ಅವಳ ಕೈ ಹಿಡಿದು ತಡೆದರು. "ಎಣಿಸುತ್ತೀಯ ಅಂತ ಗೊತ್ತಾದರೆ ಅವರು ಉಸಿರು ಬದಲಾಯಿಸುತ್ತಾರೆ. ನಾಡಿ ಹಿಡಿದ ಹಾಗೆ ಮಾಡು. ಅವರ ಕೈಯನ್ನು ಅವರ ಹೊಟ್ಟೆಯ ಮೇಲೆಯೇ ಇಟ್ಟು ಹಿಡಿ." ಹುಡುಗಿ ಹಾಗೇ ಮಾಡಿದಳು. ಈಗ ಅವಳ ಬೆರಳು ನಾಡಿಯ ಮೇಲೆ, ಅಂಗೈ ಅಡಿಯಲ್ಲಿ ಹೊಟ್ಟೆ ಏರಿ ಇಳಿಯುತ್ತಿತ್ತು. "ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡ." ಒಂದು ನಿಮಿಷ ಆಯಿತು. ಹುಡುಗಿ ತಲೆ ಎತ್ತಿ ನೋಡಿದಳು. "ಇಪ್ಪತ್ತಾರು." ಹಿಂದಿನ ಗಂಟೆಯ ಚಾರ್ಟಿನಲ್ಲಿ 20 ಇತ್ತು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಸ್ಕೋರಿನಲ್ಲಿ (ರೋಗಿ ಹದಗೆಡುವುದನ್ನು ಮೊದಲೇ ಗುರುತಿಸುವ ಲೆಕ್ಕ, ಅಂಕ ಹೆಚ್ಚಾದಷ್ಟೂ ಅಪಾಯ) ಉಸಿರಾಟ 25 ಮುಟ್ಟಿದರೆ ಆ ಒಂದಕ್ಕೇ 3 ಅಂಕ. 20ಕ್ಕೆ ಸೊನ್ನೆ. ನಾವು ನಾಲ್ಕು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದದ್ದು ಇದನ್ನೇ.

ಆ ದಿನ ನಿಯಮ ಬದಲಾಯಿಸಿದೆವು. ಲಾಗ್‌ಬುಕ್ಕಿಗೆ ಎರಡು ಸಹಿ. ಮೊದಲು ಪ್ರೆಸೆಪ್ಟರ್, ನಂತರ ಟೀಚರ್. ಪ್ರೆಸೆಪ್ಟರ್ ಕಣ್ಣಾರೆ ನೋಡದೆ ಸಹಿ ಹಾಕುವಂತಿಲ್ಲ. ಅವರ ಸಹಿ ಇಲ್ಲದೆ ನಾವೂ ಹಾಕುವಂತಿಲ್ಲ.

ಫೋನಿನಲ್ಲಿ ಹೇಳುವ ಮಾತು

'ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ' ಅನ್ನುವ ಮಾತು ನಮ್ಮನ್ನು ಬಿಟ್ಟಿರಲಿಲ್ಲ. ರೋಗಿಯ ಸ್ಥಿತಿಯನ್ನು ನಾಲ್ಕು ಭಾಗದಲ್ಲಿ ತಿಳಿಸುವ ಎಸ್‌ಬಿಎಆರ್ ಪದ್ಧತಿಯನ್ನು ಕಾಲೇಜುಗಳಲ್ಲಿ ಕಲಿಸುತ್ತಾರೆ. ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಏನು ಅಂದುಕೊಂಡಿದ್ದೇನೆ, ನನಗೆ ಏನು ಬೇಕು. ನಮ್ಮ ಮಕ್ಕಳು ಮೊದಲ ಎರಡನ್ನು ಚೆನ್ನಾಗಿ ಹೇಳುತ್ತಿದ್ದರು. ಮೂರನೆಯದರಲ್ಲಿ ಬಾಯಿ ಕಟ್ಟುತ್ತಿತ್ತು. ಅದಕ್ಕೆ ಕಾರಣ ಇದೆ. ಬಿ.ಎಸ್ಸಿ. ಮೊದಲ ವರ್ಷದಿಂದ ನಾವೇ ಅವರಿಗೆ ಹೇಳಿಕೊಟ್ಟಿದ್ದೇವೆ: ರೋಗ ಏನು ಅಂತ ಹೇಳುವುದು ನಿನ್ನ ಕೆಲಸ ಅಲ್ಲ, ಕಂಡದ್ದನ್ನು ಬರೆ. ಈಗ ಏಕಾಏಕಿ 'ನಿನಗೇನನಿಸುತ್ತದೆ' ಅಂತ ಕೇಳಿದರೆ?

ಪ್ರತಿದಿನ ಬೆಳಿಗ್ಗೆ ಹ್ಯಾಂಡೋವರ್ ಸಮಯದಲ್ಲಿ ಒಬ್ಬ ರೆಸಿಡೆಂಟ್ ಒಂದು ನಿಮಿಷ ಮಾತಾಡಬೇಕು, ಡಾಕ್ಟರ್ ಎದುರಿಗೆ. 'ನನಗನಿಸುವುದು' ಅಂತಲೇ ಶುರುಮಾಡಬೇಕು. ತಪ್ಪಾದರೂ ಪರವಾಗಿಲ್ಲ. ಮೊದಲ ವಾರ ಎಲ್ಲರೂ ನೆಲ ನೋಡಿಕೊಂಡು ಪಿಸುಗುಟ್ಟಿದರು. ಜೊತೆಗೆ ಐಸಿಯು ಮುಖ್ಯಸ್ಥರು ಕಿರಿಯ ವೈದ್ಯರಿಗೆ ಒಂದು ಆದೇಶ ಕೊಟ್ಟರು. ರಾತ್ರಿ ಫೋನ್ ಮಾಡಿದ್ದಕ್ಕೆ ಯಾರೂ ಬೈಯಬಾರದು. ಎರಡು ಸಲ ಮಾಡಿಯೂ ಎತ್ತದಿದ್ದರೆ ನೇರ ಅವರಿಗೇ ಫೋನ್.

ಇನ್ನೊಂದು ವಿಷಯ ಮೀಟಿಂಗಿನಲ್ಲಿ ಹೊರಬರಲೇ ಇಲ್ಲ. ಆಮೇಲೆ ಆಯಾ ಒಬ್ಬರು ಮಾತಿನ ನಡುವೆ ಹೇಳಿದರು. ಆ ರಾತ್ರಿ ಹನ್ನೊಂದಕ್ಕೇ ರೋಗಿಯ ಹೆಂಡತಿ ಅವರ ಹತ್ತಿರ ತುಳುವಿನಲ್ಲಿ ಹೇಳಿದ್ದರಂತೆ, "ಮಸ್ತ್ ಬಚ್ಚುಂಡು" ಅನ್ನುತ್ತಿದ್ದಾರೆ, ಮಲಗಲು ಆಗುತ್ತಿಲ್ಲ ಅಂತ. ತುಂಬ ಸುಸ್ತು ಅಂತ ಅರ್ಥ. ರೆಸಿಡೆಂಟ್ ಕೇರಳದವಳು. ಕಲಿತ ಕನ್ನಡದಲ್ಲಿ "ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದ್ದಳು. ರೋಗಿ ಸಂಕೋಚದಿಂದ "ಏನಿಲ್ಲ" ಅಂದಿದ್ದರು. ಚಾರ್ಟಿನಲ್ಲಿ 'ತೊಂದರೆ ಇಲ್ಲ' ಅಂತ ಬಿತ್ತು.

ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲಯಾಳ ಎಲ್ಲ ಒಂದೇ ವಾರ್ಡಿನಲ್ಲಿ ಮಾತಾಡುವ ಊರು ನಮ್ಮದು. ಆದರೆ ನಮ್ಮ ಪರೀಕ್ಷೆಯಲ್ಲಿ ರೋಗಿ ಯಾವಾಗಲೂ ಇಂಗ್ಲಿಷ್ ಮಾತಾಡುತ್ತಿದ್ದ! ಅದನ್ನು ಬದಲಾಯಿಸಿದೆವು. ರೋಗಿಯ ಕಥೆಯನ್ನು ಅವರ ಭಾಷೆಯಲ್ಲೇ ಕೇಳಬೇಕು, ಬಾರದಿದ್ದರೆ ಬಲ್ಲವರನ್ನು ಕರೆದು ಕೇಳಬೇಕು, ಮನೆಯವರನ್ನು ಬೇರೆಯಾಗಿ ಕೇಳಬೇಕು. ಇದೂ ಆ ನಾಲ್ಕು ಮೆಟ್ಟಿಲಿನ ಒಂದು ಕೆಲಸವಾಯಿತು. ಬೇನೆ, ಬಚ್ಚೆಲ್, ಉಸುಲು, ಜ್ವರ ಇಂಥ ಮಾತುಗಳ ಪಟ್ಟಿಯನ್ನು ಆಯಾಗಳೇ ಕೂತು ಮಾಡಿಕೊಟ್ಟರು.

'ಇನ್ನೂ ಇಲ್ಲ'

ನಿಜವಾದ ಪರೀಕ್ಷೆ ಬಂದದ್ದು ಮುಂದಿನ ವರ್ಷ. ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬ ರೆಸಿಡೆಂಟ್. ಹಿರಿಯ ಸಿಸ್ಟರ್ ಅವಳ ಒಂದು ಸಾಲಿಗೆ ಸಹಿ ಹಾಕಲಿಲ್ಲ. ಕಾರಣ ಕೇಳಿದೆ. "ಅವಳಿಗೆ ಎಲ್ಲ ಗೊತ್ತು ಮೇಡಂ. ಆದರೆ ರೋಗಿ ಬದಲಾದರೆ ಅವಳು ಮಾನಿಟರ್ ನೋಡುತ್ತಾಳೆ, ರೋಗಿಯನ್ನು ನೋಡುವುದಿಲ್ಲ. ಇನ್ನೂ ಇಲ್ಲ."

ಹುಡುಗಿ ಅತ್ತಳು. ಮನೆಯಿಂದ ಫೋನ್ ಬಂತು. ಎಂ.ಎಸ್ಸಿ. ಇಲ್ಲದವರು ನನ್ನ ಮಗಳನ್ನು ಅಳೆಯುವುದಾ ಅಂತ ಕೇಳಿದರು. ಕಾಲೇಜಿನಲ್ಲೂ ಒಂದಿಬ್ಬರು, "ಒಂದು ಸಹಿ ತಾನೇ, ನೀವೇ ಹಾಕಿ ಮುಗಿಸಿ" ಅಂದರು. ಹಳೆಯ ನಾನಾಗಿದ್ದರೆ ಹಾಕುತ್ತಿದ್ದೆ. ಎರಡು ದಿನ ನಿದ್ದೆ ಬರಲಿಲ್ಲ. ಹಾಕಲಿಲ್ಲ. ಅವಳನ್ನು ಆರು ವಾರ ಅದೇ ಸಿಸ್ಟರ್ ಜೊತೆ ಬಿಟ್ಟೆವು, ಬೇರೆ ಕೆಲಸ ಕೊಡದೆ. ಏಳನೇ ವಾರ ಸಿಸ್ಟರ್ ತಾವಾಗಿಯೇ ಲಾಗ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟರು, ಸಹಿ ಹಾಕಿ. ಆ ಹುಡುಗಿ ಈಗ ನಮ್ಮ ಒಳ್ಳೆಯ ನರ್ಸ್‌ಗಳಲ್ಲಿ ಒಬ್ಬಳು.

ಈ ಪ್ರಕರಣದಲ್ಲಿ ತಿರುವು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. 'ಇನ್ನೂ ಇಲ್ಲ' ಅಂತ ಹೇಳುವ ಅಧಿಕಾರ ಪ್ರೆಸೆಪ್ಟರ್‌ಗೆ ಇದೆ, ಹೇಳಿದರೆ ಕಾಲೇಜು ಅವರ ಹಿಂದೆ ನಿಲ್ಲುತ್ತದೆ ಅಂತ ಉಳಿದ ಸಿಸ್ಟರ್‌ಗಳಿಗೆ ಆಗ ನಂಬಿಕೆ ಬಂತು. ಅದಕ್ಕೆ ಮೊದಲು ಅವರೂ ನಮ್ಮ ಹಾಗೆ ಸುಮ್ನೆ ಸಹಿ ಹಾಕುತ್ತಿದ್ದರು.

ಆದದ್ದು, ಆಗದೆ ಉಳಿದದ್ದು

ಚಾರ್ಟುಗಳಲ್ಲಿ ಉಸಿರಾಟದ ಅಂಕಿಗಳು ಈಗ ಒಂದೇ ತರ ಇಲ್ಲ. 17, 23, 21, 26. ನನಗೆ ಇದಕ್ಕಿಂತ ಖುಷಿ ಕೊಟ್ಟ ಅಂಕಿ ಬೇರೆ ಇಲ್ಲ. ಮರು ಮಳೆಗಾಲದಲ್ಲಿ ಮತ್ತೊಬ್ಬರು ಇಲಿ ಜ್ವರದಲ್ಲಿ ಬಂದಾಗ ರಾತ್ರಿ ಹನ್ನೊಂದು ನಲವತ್ತಕ್ಕೆ ಫೋನ್ ಹೋಯಿತು. "ಉಸಿರಾಟ 26, ಮೂತ್ರ 20, ಮಲಗಲು ಆಗುತ್ತಿಲ್ಲ. ನನಗನಿಸುವುದು, ಶ್ವಾಸಕೋಶಕ್ಕೆ ಹೋಗಿದೆ. ನೀವು ಈಗಲೇ ಬರಬೇಕು." ಡಾಕ್ಟರ್ ಬಂದರು. ಅವರನ್ನು ಬೇಗ ಐಸಿಯುಗೆ ಹಾಕಿದರು, ಟ್ಯೂಬ್ ಬೇಕಾಗಲಿಲ್ಲ. ಒಂದು ರೋಗಿಯಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೂ ಗೊತ್ತು. ಆ ಫೋನ್ ಬಂದ ಸಮಯವನ್ನು ಮಾತ್ರ ನಾನು ಬರೆದಿಟ್ಟುಕೊಂಡಿದ್ದೇನೆ.

ಸರಿಯಾಗದೆ ಉಳಿದದ್ದೂ ಇದೆ. ನಮ್ಮ ಇಬ್ಬರು ಒಳ್ಳೆಯ ಪ್ರೆಸೆಪ್ಟರ್‌ಗಳಲ್ಲಿ ಒಬ್ಬರು ಐರ್ಲೆಂಡಿಗೆ ಹೋದರು. ರಾತ್ರಿ ಶಿಫ್ಟಿಗೆ ಪ್ರೆಸೆಪ್ಟರ್ ಎಲ್ಲ ದಿನ ಸಿಗುವುದಿಲ್ಲ. ಲಾಗ್‌ಬುಕ್ ತೆಳ್ಳಗಾಯಿತು, ಯಾಕೆಂದರೆ ನೋಡಿದ್ದನ್ನಷ್ಟೇ ಬರೆಯುತ್ತೇವೆ. ತಪಾಸಣೆಗೆ ಬಂದವರು 'ಯಾಕಿಷ್ಟು ಕಡಿಮೆ' ಅಂತ ಕೇಳಿದರು. ವಿವರಿಸಲು ಒಂದು ಗಂಟೆ ಬೇಕಾಯಿತು.

ಎಲ್ಲಕ್ಕಿಂತ ನೋವು ಕೊಡುವುದು ಇನ್ನೊಂದು. ಇಷ್ಟು ಕಷ್ಟಪಟ್ಟು ಕಲಿತು ಹೊರಗೆ ಹೋದವರಲ್ಲಿ ಹೆಚ್ಚಿನವರು ಸ್ಟಾಫ್ ನರ್ಸ್ ಆಗಿ ಇಲ್ಲವೇ ಟ್ಯೂಟರ್ ಆಗಿ ಸೇರಿದ್ದಾರೆ. ನರ್ಸ್ ಪ್ರಾಕ್ಟೀಷನರ್ ಅನ್ನುವ ಹುದ್ದೆಯೇ ಆ ಆಸ್ಪತ್ರೆಗಳಲ್ಲಿ ಇಲ್ಲ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಹೊಸ ಕಾಯ್ದೆ ಪಾಸುಮಾಡಿದೆ. ಶಿಕ್ಷಣದ ಮಟ್ಟ ಏರಿಸುವ ಜೊತೆಗೆ ಕಲಿತವರಿಗೆ ಜಾಗವನ್ನೂ ಮಾಡಿಕೊಡಬೇಕು ಅಂತ ನಾನು ಸಿಕ್ಕಸಿಕ್ಕ ಸಭೆಯಲ್ಲೆಲ್ಲ ಕೇಳುತ್ತಿದ್ದೇನೆ. ಕೇಳುವುದನ್ನು ಬಿಡುವುದಿಲ್ಲ.

ಈ ವಾರ ಹೊಸ ಬ್ಯಾಚಿನ ಒಂದು ಲಾಗ್‌ಬುಕ್ ನನ್ನ ಮೇಜಿನ ಮೇಲಿದೆ. ಎಂಟನೇ ಪುಟದಲ್ಲಿ ಒಂದು ಸಾಲು: 'ರಾತ್ರಿ ಡಾಕ್ಟರಿಗೆ ಫೋನ್, ನಾನು ಅದೇ ವಾರ್ಡಿನಲ್ಲಿದ್ದರೆ ಸಾಕು.' ಪಕ್ಕದಲ್ಲಿ ಸಹಿ ಇಲ್ಲ. ಹಿರಿಯ ಸಿಸ್ಟರ್ ಪೆನ್ಸಿಲಿನಲ್ಲಿ ಬರೆದಿದ್ದಾರೆ, 'ಗುರುವಾರ ನೈಟ್ ನೋಡಿ ಹೇಳುತ್ತೇನೆ.' ಗುರುವಾರ ನಾನೂ ಹೋಗುತ್ತಿದ್ದೇನೆ.